ಭಯದ ಬಾಟಲಿ

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪಿನಕಾಯಿ ಡಬ್ಬಿಗೂ ಮಗಳ ಬಾದಾಮಿ ಹಾಲಿಗೂ ನಡುವೆ, ಎರಡು ಸಣ್ಣ ಔಷಧದ ಬಾಟಲಿಗಳು ಕೆಲವು ವಾರ ಇದ್ದವು. ಇನ್ನು ವಾಸಿಯಾಗದು ಅಂತ ತೀರ್ಮಾನವಾದ ರೋಗಿಗಳನ್ನು ಮನೆಯಲ್ಲೇ ನೋಡಿಕೊಳ್ಳುವ ಹಾಸ್ಪಿಸ್ಸಿನ ನರ್ಸು ತಂದು ಕೊಟ್ಟಿದ್ದಳು. ಒಂದು ನೋವಿಗೆ ಮತ್ತು ಉಸಿರು ಕಟ್ಟಿದಾಗ, ಇನ್ನೊಂದು ಗಾಬರಿಯಾದಾಗ. ಗಾಬರಿಯದ್ದನ್ನು ತಣ್ಣಗಿಡಬೇಕು ಅಂದಳು. ಇನ್ನೊಂದು ಎಲ್ಲೋ ಕಳೆದುಹೋದೀತು ಅಂತ ನಾನು ಅದನ್ನೂ ಪಕ್ಕದಲ್ಲೇ ಇಟ್ಟೆ. ಎರಡಕ್ಕೂ ಉದ್ದುದ್ದ ಹೆಸರಿದ್ದವು. ನನ್ನ ಹೆಂಡತಿ ಡಾಕ್ಟರು, ಅದೂ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಆ ಹೆಸರುಗಳನ್ನು ಅವಳು ನಿದ್ದೆಯಲ್ಲೂ ಹೇಳಬಲ್ಲವಳಾಗಿದ್ದಳು. ಆದರೆ ನನ್ನ ನಾಲಿಗೆ ತಿರುಗದು ಅಂತ ಒಂದಕ್ಕೆ ನೋವಿನ ಬಾಟಲಿ, ಇನ್ನೊಂದಕ್ಕೆ ಭಯದ ಬಾಟಲಿ ಅಂತ ಹೆಸರಿಟ್ಟಳು.

"ನೋವಿಂದು ಕೇಳಿದಾಗ ಕೊಡಿ. ಭಯದ್ದು ಬೇಡ. ನಾನೇ ಬಾಯಿಬಿಟ್ಟು ಕೇಳಿದ್ರೂ ಕೊಡಬೇಡಿ" ಅಂದಳು.

ನಾನು ಆಯಿತು ಅಂದೆ. ಅವಳು ಹೇಳಿದ್ದಕ್ಕೆಲ್ಲ ಆಯಿತು ಅಂದು ರೂಢಿಯಾಗಿತ್ತು.

ನಾನು ಹುಟ್ಟು ಪುಕ್ಕಲ. ಮಂಡ್ಯದ ಕಡೆಯವರು ಮಾತಿನಲ್ಲಿ ಗಟ್ಟಿ, ನನ್ನ ಮಾತೂ ಗಟ್ಟಿಯೇ, ಆದರೆ ಒಳಗೆ ಪುಕ್ಕಲುತನ ತುಂಬಿಕೊಂಡಿದೆ. ಅಮೆರಿಕಕ್ಕೆ ಬಂದು ಇಷ್ಟು ವರ್ಷವಾದರೂ ಇಲ್ಲಿನ ಹೆದ್ದಾರಿ ಫ್ರೀವೇಗೆ ಸೇರಿಕೊಳ್ಳುವಾಗ ಅಂಗೈ ಬೆವರುತ್ತದೆ. ಮ್ಯಾನೇಜರು ಐದು ನಿಮಿಷ ಮಾತಾಡಬೇಕು ಅಂದರೆ ಕೆಲಸ ಹೋಯಿತು ಅಂತಲೇ ಮನೆಗೆ ಫೋನು ಮಾಡುತ್ತಿದ್ದೆ. ರಕ್ತಪರೀಕ್ಷೆಯ ಫಲಿತಾಂಶ ಬಂದರೆ ಅದನ್ನು ಮೊದಲು ತೆರೆಯುವವಳು ಅವಳು, "ಸಾಯಲ್ಲ, ಬದುಕಿರ್ತೀರ, ಕಾಫಿ ಕುಡೀರಿ" ಅಂತ ನಗುವವಳೂ ಅವಳು. ಮೈಸೂರಿನವಳಾದರೂ ಅವಳ ಮಾತಿನಲ್ಲಿ ಮೈಸೂರಿನ ನಯ ಕಡಿಮೆ ಇತ್ತು. ಇಡೀ ದಿನ ಜನರನ್ನು ಪ್ರಜ್ಞೆ ತಪ್ಪಿಸಿ ಮತ್ತೆ ಎಚ್ಚರಿಸಿ ಮನೆಗೆ ಬರುವವಳಿಗೆ ನಯ ಉಳಿಯುವುದಾದರೂ ಎಲ್ಲಿಂದ.

ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಾಗಲೇ ನನ್ನ ಹೆಂಡತಿಗೆ ಬುದ್ಧನ ಹುಚ್ಚು ಹಿಡಿಯಿತು. ಆಸ್ಪತ್ರೆಯ ಗೆಳತಿಯೊಬ್ಬಳು ವಾಲ್ನಟ್ ಕ್ರೀಕ್ ಅನ್ನುವ ಊರಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಡ್ಯಾನ್ಸ್ ಕ್ಲಾಸಿನ ಹಿಂದಿನ ಒಂದು ಬಾಡಿಗೆ ಹಾಲಿನಲ್ಲಿ ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ಜನ ಸೇರಿ ಧ್ಯಾನ ಮಾಡುತ್ತಾರೆ. ನಾವಿರುವ ಲಿವರ್‌ಮೋರಿನಿಂದ ಅಲ್ಲಿಗೆ ಎರಡು ಫ್ರೀವೇ ದಾಟಿ ಹೋಗಬೇಕು. "ಮಾತಾಡದೆ ಕೂರೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮನೇಲಿ ಊಟಕ್ಕೆ ಕೂತ್ರೆ ಯಾರೂ ಮಾತಾಡಲ್ಲ, ಇಲ್ಲೇ ಕೂತ್ಕೋ" ಅಂತ ಛೇಡಿಸಿದ್ದೆ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋಗುವುದನ್ನೂ ಬಿಡಲಿಲ್ಲ. ಶನಿವಾರ ಅಲ್ಲಿ ಪುಳಿಯೋಗರೆ ತಿಂದು, ಭಾನುವಾರ ಬುದ್ಧನ ಮುಂದೆ ಕೂತು ಬರುತ್ತಿದ್ದಳು. ಒಂದು ವರ್ಷ ಬಿಟ್ಟು, ಬುದ್ಧನಿಗೆ ಶರಣಾಗುವ ಮಾತನ್ನು ಪಾಳಿ ಭಾಷೆಯಲ್ಲಿ ಹೇಳಿ ವ್ರತವನ್ನೂ ತೆಗೆದುಕೊಂಡಳು. ಆ ದಿನ ನಾನು ಹೋಗಲಿಲ್ಲ. ಮನೆಯಲ್ಲಿ ಕೂತು ಕ್ರಿಕೆಟ್ ನೋಡಿದೆ.

ಯಾಕೆ ಹೋಗುತ್ತೀ ಅಂತ ಒಮ್ಮೆ ನಿಜವಾಗಿಯೇ ಕೇಳಿದ್ದೆ. ಕಾರಿನಲ್ಲಿದ್ದೆವು, ಅವಳು ಓಡಿಸುತ್ತಿದ್ದಳು.

"ಮಾಸ್ಕ್ ಹಾಕೋಕೆ ಮುಂಚೆ ಎಲ್ಲರ ಕಣ್ಣೂ ಒಂದೇ ಥರ ಇರುತ್ತೆ ರೀ. ಜಡ್ಜ್ ಆಗಿರಲಿ, ಟ್ರಕ್ ಡ್ರೈವರ್ ಆಗಿರಲಿ. ಹತ್ತು ಸೆಕೆಂಡು ನನ್ನನ್ನೇ ನೋಡ್ತಾರೆ. ಆಮೇಲೆ ಮಲಗಿಬಿಡ್ತಾರೆ. ಆ ಹತ್ತು ಸೆಕೆಂಡು ನಾನು ಏನು ಮಾಡಬೇಕು ಅಂತ ಯಾವ ಮೆಡಿಕಲ್ ಕಾಲೇಜಲ್ಲೂ ಹೇಳಿಕೊಡಲಿಲ್ಲ."

"ಹೆದರಬೇಡಿ ಅನ್ನು."

"ಅದನ್ನ ಎಲ್ಲರೂ ಅಂತಾರೆ. ಅದರಿಂದ ಯಾರ ಭಯನೂ ಹೋಗಿದ್ದು ನಾನು ನೋಡಿಲ್ಲ."

ಆಮೇಲೆ ಅವಳಿಗೇ ಕೆಮ್ಮು ಶುರುವಾಯಿತು. ಯುಗಾದಿ ಕಾರ್ಯಕ್ರಮದಲ್ಲಿ ಹಾಡು ಅರ್ಧಕ್ಕೆ ನಿಲ್ಲಿಸಿ ಹೊರಗೆ ಹೋದಳು. ಅಲರ್ಜಿ ಅಂದುಕೊಂಡೆವು. ಈ ಕಣಿವೆಯಲ್ಲಿ ಒಣಹುಲ್ಲು ಹಾರುವ ಕಾಲಕ್ಕೆ ಎಲ್ಲರಿಗೂ ಕೆಮ್ಮು ಬರುತ್ತದೆ. ಅಲರ್ಜಿ ಅಲ್ಲ, ಶ್ವಾಸಕೋಶದ ಕ್ಯಾನ್ಸರ್. ಸಿಗರೇಟು ಸೇದುವವರು ಪಕ್ಕದಲ್ಲಿ ಹಾದರೆ ಸೆರಗು ಮೂಗಿಗೆ ಒತ್ತಿಕೊಳ್ಳುವವಳಿಗೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಸಿಟ್ಟು ಮಾಡಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ. ಸ್ಕ್ಯಾನಿನ ಚಿತ್ರವನ್ನು ಅವಳೇ ನೋಡಿ, ಅವಳೇ ಓದಿ, ಅವಳೇ ನನಗೆ ವಿವರಿಸಿದಳು. ನಾನು ಪಾರ್ಕಿಂಗ್ ಲಾಟಿನಲ್ಲಿ ವಾಂತಿ ಮಾಡಿಕೊಂಡೆ. ಅವಳು ನನ್ನ ಬೆನ್ನು ನೀವಿದಳು.

ಎರಡು ವರ್ಷ ಮಾತ್ರೆ, ಕೀಮೋ, ಮತ್ತೆ ಸ್ಕ್ಯಾನು ಅಂತ ಕಳೆಯಿತು. ಗೆಳೆಯರು ಬಂದರು, ಬಿಸಿಬೇಳೆ ಬಾತು ತಂದರು, ಸೋಫಾದಲ್ಲಿ ಕೂತು ನೆಲ ನೋಡಿದರು, ಹೋಗುವಾಗ ಬಾಗಿಲಲ್ಲಿ ನಿಂತು "ಏನೂ ಆಗಲ್ಲ ಬಿಡಿ" ಅಂದರು. ನಮ್ಮ ಜನರ ಬಾಯಿಂದ ಮೊದಲು ಬರುವ ಮಾತೇ ಅದು. ಮಗು ಬಿದ್ದರೂ ಅದೇ, ಮನೆಗೆ ಬೆಂಕಿ ಬಿದ್ದರೂ ಅದೇ. ನಾನೂ ದಿನಕ್ಕೆ ಹಲವು ಸಲ ಅನ್ನುತ್ತಿದ್ದೆ. ಒಂದು ದಿನ ಅವಳು ಚಮಚ ಕೆಳಗಿಟ್ಟು, "ಇನ್ನು ಈ ಮನೇಲಿ ಏನೂ ಆಗಲ್ಲ ಅಂತ ಯಾರೂ ಅನ್ನಬಾರದು. ಆಗ್ತಾ ಇದೆ. ನೀವು ಇಲ್ಲ ಅಂದ್ರೆ ನಾನೊಬ್ಬಳೇ ಇದ್ದಹಾಗೆ ಆಗುತ್ತೆ" ಅಂದಳು. ಮಗಳು ಇಂಗ್ಲಿಷಿನಲ್ಲಿ ಸರಿ ಅಮ್ಮ ಅಂದಳು. ಆ ಮಾತು ಬಿಟ್ಟರೆ ನನ್ನ ಹತ್ತಿರ ಬೇರೆ ಮಾತೇ ಇರಲಿಲ್ಲ.

ಚಿಕಿತ್ಸೆ ಸಾಕು ಅಂತ ನಿರ್ಧಾರವಾದ ಮೇಲೆ ಅವಳು ನನ್ನನ್ನು ತಿದ್ದಲು ಹೊರಟಳು. ತನಗಾಗಿ ಅಲ್ಲ, ನನಗಾಗಿ ಅಂತ ಆಗ ಅಂದುಕೊಂಡಿದ್ದೆ. ನಿಜ ಏನೆಂದರೆ ತನ್ನ ಕೊನೆಯ ಹೊತ್ತಿಗೆ ಪಕ್ಕದಲ್ಲಿ ಇರಬೇಕಾದವನು ಇಂಥ ಪುಕ್ಕಲ ಅಂತ ಅವಳಿಗೆ ಚಿಂತೆಯಾಗಿತ್ತು. ಬೆಳಿಗ್ಗೆ ಕಾಫಿಗೆ ಮುಂಚೆ ತನ್ನ ಪಕ್ಕದ ದಿಂಬಿನ ಮೇಲೆ ಕೂರಿಸುತ್ತಿದ್ದಳು. ನನಗೆ ಧ್ಯಾನ ಅಂದರೆ ಮಂಡಿನೋವು. ಕಣ್ಣು ಮುಚ್ಚಿದರೆ ಅವಳ ಉಸಿರಿನ ಗೊರಗೊರ ಕೇಳಿಸುತ್ತಿತ್ತು, ಅದನ್ನು ಕೇಳಲಾಗದೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು.

"ಎದ್ದು ಹೋಗಬೇಕು ಅನ್ನಿಸ್ತಾ?"

"ಹೂಂ."

"ಹೋಗಬೇಡಿ. ಇಷ್ಟೇ ಕೆಲಸ. ಭಯ ಎಲ್ಲಿದೆ ಹುಡುಕಿ. ತಲೇಲಿ ಹುಡುಕಬೇಡಿ, ಮೈಯಲ್ಲಿ."

"ಹೊಟ್ಟೇಲಿದೆ."

"ಎಷ್ಟು ದೊಡ್ಡದಿದೆ?"

"ಮುದ್ದೆಯಷ್ಟು."

"ಮಂಡ್ಯ ಮುದ್ದೆನಾ, ಇಲ್ಲ ನಾನು ಮಾಡೋ ಮುದ್ದೆನಾ?" ಅಂತ ಅವಳು ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಾನು ಬೆನ್ನು ಹಿಡಿದುಕೊಂಡು ಕೂತೆ. ಆವತ್ತು ಎದ್ದು ಓಡಲಿಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು.

ಹಾಗೆ ದಿನಾ ನಡೆಯಿತು. ಭಯ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅದರ ಜೊತೆ ಸ್ವಲ್ಪ ಹೊತ್ತು ಕೂರಬಹುದು ಅನ್ನುವಷ್ಟು ಗೊತ್ತಾಯಿತು. ಅವಳ ಬುದ್ಧನಲ್ಲಿ ನನಗೆ ನಂಬಿಕೆ ಬಂತೇ ಅಂತ ಕೇಳಿದರೆ ಇಲ್ಲ. ಅವಳಲ್ಲಿ ನಂಬಿಕೆ ಇತ್ತು. ಅವಳು ಹೇಳುತ್ತಿದ್ದ ಶ್ರದ್ಧೆ ಅನ್ನುವ ಮಾತು ನನಗೆ ಸ್ಕೂಲಿನ ಮೇಷ್ಟರ ಬೈಗುಳದಲ್ಲಿ ಮಾತ್ರ ಪರಿಚಯ. ಅವಳು ಹೇಳಿದ ಅರ್ಥ ಬೇರೆ. ಕಣ್ಣು ಮುಚ್ಚಿ ನಂಬುವುದಲ್ಲ, ಮಾಡಿ ನೋಡಿ, ಕಾಲು ಊರಿ, ನೆಲ ತಡೆಯುತ್ತದೆ ಅಂತ ಗೊತ್ತಾದ ಮೇಲೆ ಪೂರ್ತಿ ಭಾರ ಬಿಡುವುದು. ಅವಳು ಇಷ್ಟು ವರ್ಷ ಕಾಲು ಊರಿ ನೋಡಿದ್ದಳು. ಇನ್ನು ಭಾರ ಬಿಡುವ ಸರದಿ ಅನ್ನುತ್ತಿದ್ದಳು.

ಭಯದ ಬಾಟಲಿ ಬೇಡ ಅಂದಿದ್ದು ಅದಕ್ಕೇ. ಅವರ ದಾರಿಯಲ್ಲಿ ಕೊನೆಯ ಗಳಿಗೆಯಲ್ಲಿ ಮನಸ್ಸು ತಿಳಿಯಾಗಿ, ಎಚ್ಚರವಾಗಿ ಇರುವುದು ದೊಡ್ಡ ವಿಷಯ. ಆ ಔಷಧ ಭಯವನ್ನೂ ಮಲಗಿಸುತ್ತದೆ, ಮನಸ್ಸನ್ನೂ ಮಲಗಿಸುತ್ತದೆ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಜೀವಮಾನ ಎಲ್ಲಾ ಬೇರೆಯವರನ್ನ ಮಲಗಿಸಿದ್ದೀನಿ. ನನ್ನ ಸರದೀಲಿ ನಾನು ಎದ್ದಿರಬೇಕು" ಅಂದಳು. "ಆ ಟೈಮಲ್ಲಿ ನಾನು ಕೇಳಬಹುದು. ಎಲ್ಲರೂ ಕೇಳ್ತಾರೆ. ಆಗ ಕೇಳೋದು ನಾನಲ್ಲ, ಭಯ ಕೇಳ್ತಾ ಇರುತ್ತೆ. ನೀವು ಕೊಡಬಾರದು. ಮಾತು ಕೊಡಿ."

ನಾನು ಮಾತು ಕೊಟ್ಟೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಹೆಂಡತಿಯ ಧ್ಯಾನದ ಗುರು ಒಂದು ಸಲ ಮನೆಗೆ ಬಂದಿದ್ದರು. ಎತ್ತರದ, ಬಿಳಿ ಕೂದಲಿನ ಅಮೆರಿಕನ್ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟು, ಹಾಸಿಗೆಯ ಪಕ್ಕ ನೆಲದ ಮೇಲೆ ಕೂತರು. ಇಬ್ಬರೂ ಕಣ್ಣು ಮುಚ್ಚಿ ಧ್ಯಾನ ಮಾಡಿದರು. ಹೊರಡುವಾಗ ನಾನು ಬಾಗಿಲಲ್ಲಿ ತಡೆದು, ಔಷಧ ಬೇಡ ಅನ್ನುವುದನ್ನು ನೀವು ಅವಳ ತಲೆಗೆ ತುಂಬಿದ್ದೇ ಅಂತ ಕೇಳಿಯೇಬಿಟ್ಟೆ. ಕೇಳಿದ ರೀತಿ ಚೆನ್ನಾಗಿರಲಿಲ್ಲ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ಲ, ಅದು ಅವಳೇ ಆರಿಸಿಕೊಂಡಿದ್ದು. ಆದರೆ ಅವಳ ಅಭ್ಯಾಸ ನನಗೆ ಗೊತ್ತು. ಅವಳು ಹೆದರುವುದಿಲ್ಲ" ಅಂದರು. ಅಷ್ಟು ಖಾತರಿಯಾಗಿ ಹೇಳಿದ್ದು ಕೇಳಿ ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಂಡತಿಯ ಭಯದ ಬಗ್ಗೆ ನನಗೆ ಗೊತ್ತಿಲ್ಲದ್ದು ಇವರಿಗೆ ಹೇಗೆ ಗೊತ್ತು ಅಂತ. ಜೊತೆಗೆ ಅವರ ಮಾತು ನಿಜವಾಗಲಿ ಅಂತ ಒಳಗೊಳಗೇ ಬೇಡಿಕೊಂಡೆ.

ಆ ಮಧ್ಯಾಹ್ನ ಬಿಸಿಲು ಜೋರಾಗಿತ್ತು. ಬೆಟ್ಟದ ಹುಲ್ಲು ಒಣಗಿ ಹಳದಿಯಾಗಿತ್ತು. ಹಾಲಿನಲ್ಲಿ ಕಿಟಕಿಯ ಎದುರು ಅವಳ ಹಾಸಿಗೆ ಹಾಕಿಸಿದ್ದೆವು. ಆಕ್ಸಿಜನ್ ಮೆಷೀನು ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು. ಮಗಳು ಆಫೀಸಿಗೆ ರಜೆ ಹಾಕಿ ಬಂದಿದ್ದಳು, ಕಾಲಿನ ಹತ್ತಿರ ಕೂತು ಅಮ್ಮನ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಬೆಳಿಗ್ಗೆ ಹೆಂಡತಿ ಒಂದೆರಡು ಚಮಚ ಗಂಜಿ ಕುಡಿದು, ಉಪ್ಪು ಕಡಿಮೆ ಅಂತ ನನ್ನನ್ನು ಬೈದಿದ್ದಳು. ಹಾಗಾಗಿ ಆ ದಿನವೇ ಅಂತ ನನಗೆ ಅನ್ನಿಸಿರಲಿಲ್ಲ.

ಇದ್ದಕ್ಕಿದ್ದಂತೆ ಎದ್ದು ಕೂತಳು. ಎದ್ದು ಕೂರುವ ಶಕ್ತಿ ಅವಳಲ್ಲಿ ವಾರದಿಂದ ಇರಲಿಲ್ಲ. ಬಾಯಿ ತೆರೆದಿತ್ತು, ಕತ್ತಿನ ನರಗಳು ಉಬ್ಬಿದ್ದವು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ನನ್ನ ಮಣಿಕಟ್ಟು ಹಿಡಿದಳು, ಉಗುರು ಚರ್ಮಕ್ಕೆ ಇಳಿಯಿತು. ನಾನು ನೋವಿನ ಔಷಧವನ್ನು ನರ್ಸು ಹೇಳಿದಷ್ಟು ಡ್ರಾಪರಿನಲ್ಲಿ ಎಳೆದು ನಾಲಿಗೆಯ ಕೆಳಗೆ ಬಿಟ್ಟೆ. ಬೆನ್ನು ಆನಿಸಿ ಹಿಡಿದೆ. ಮಗಳು ಫ್ಯಾನು ಮುಖಕ್ಕೆ ತಿರುಗಿಸಿದಳು. ಕಾದೆವು. ಉಸಿರು ಸ್ವಲ್ಪ ಸಡಿಲವಾಯಿತು, ಆದರೆ ಕಣ್ಣು ಸಡಿಲವಾಗಲಿಲ್ಲ. ಆ ಕಣ್ಣು ನಾನು ಅವಳಲ್ಲಿ ಯಾವತ್ತೂ ನೋಡಿರಲಿಲ್ಲ.

"ಕೊಡಿ" ಅಂದಳು.

"ಕೊಟ್ಟೆನಲ್ಲ, ಈಗ ತಾನೆ ಕೊಟ್ಟೆ."

ತಲೆ ಅಲ್ಲಾಡಿಸಿದಳು. "ಅದು. ಇನ್ನೊಂದು."

ನನಗೆ ಅರ್ಥವಾಯಿತು, ಆದರೆ ಅರ್ಥವಾಗದವನ ಹಾಗೆ ಕೂತೆ. ಅವಳು ಇನ್ನೊಮ್ಮೆ ಬಿಟ್ಟುಬಿಟ್ಟು ಹೇಳಿದಳು. "ರೀ. ಭಯ ಆಗ್ತಿದೆ. ಕೊಡಿ."

ಆಗ ನಾನು ಹೇಳಿದ ಮಾತು ನೆನಪಾದರೆ ಈಗಲೂ ಮೈ ತಣ್ಣಗಾಗುತ್ತದೆ. ಅವಳೇ ಕಲಿಸಿದ ಪಾಠವನ್ನು ಅವಳಿಗೇ ಹೇಳಿದೆ. "ಭಯ ಎಲ್ಲಿದೆ ಹುಡುಕು. ಮೈಯಲ್ಲಿ ಎಲ್ಲಿದೆ ನೋಡು" ಅಂದೆ. ಕೆಟ್ಟದಾಗಿ ಹೇಳಲಿಲ್ಲ, ಮೆತ್ತಗೇ ಹೇಳಿದೆ. ಒಳ್ಳೆಯ ವಿದ್ಯಾರ್ಥಿಯ ಹಾಗೆ ಹೇಳಿದೆ.

ಅವಳು ನನ್ನನ್ನೇ ನೋಡಿದಳು. "ಎಲ್ಲಾ ಕಡೆ" ಅಂದಳು.

ಮಗಳು ಇಂಗ್ಲಿಷಿನಲ್ಲಿ ಏನೋ ಅಂದಳು, ನಾನು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಕನ್ನಡದಲ್ಲಿ ಅಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು. "ಅಪ್ಪ, ಅಮ್ಮ ಕೇಳ್ತಾ ಇದಾಳೆ. ನಿನ್ನನ್ನ ಕೇಳ್ತಾ ಇದಾಳೆ."

ನಾನು ಎದ್ದು ಫ್ರಿಜ್ಜಿನ ಬಾಗಿಲು ತೆಗೆದೆ. ಅಲ್ಲಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಬಾಗಿಲು ತೆರೆದೇ ಇದೆ ಅಂತ ಫ್ರಿಜ್ಜು ಕೀಂಯ್‌ಗುಟ್ಟುವವರೆಗೂ ನಿಂತಿದ್ದೆ. ಇಬ್ಬರು ಹೆಂಗಸರು ನನ್ನ ಮುಂದೆ ಇದ್ದರು. ಒಬ್ಬಳು ಕೆಲವು ವಾರದ ಹಿಂದೆ ನೆಟ್ಟಗೆ ಕೂತು, ಕೇಳುವುದು ನಾನಲ್ಲ, ಭಯ, ಕೊಡಬೇಡಿ ಅಂದವಳು. ಅವಳಿಗೆ ನಾನು ಮಾತು ಕೊಟ್ಟಿದ್ದೆ. ಇನ್ನೊಬ್ಬಳು ಹಾಲಿನಲ್ಲಿ ಬಾಯಿ ತೆರೆದುಕೊಂಡು ಕೂತವಳು. ಮೊದಲಿನವಳು ಬುದ್ಧಿವಂತೆ, ಧೈರ್ಯವಂತೆ, ಇಷ್ಟು ವರ್ಷ ಭಾನುವಾರ ಬೆಳಿಗ್ಗೆ ಎದ್ದು ಎರಡು ಫ್ರೀವೇ ದಾಟಿ ಹೋಗಿ ಇದೊಂದಕ್ಕಾಗಿ ಅಭ್ಯಾಸ ಮಾಡಿದವಳು. ಈಗ ಕೊಟ್ಟರೆ ಅದೆಲ್ಲ ನನ್ನ ಕೈಯಿಂದ ಮಣ್ಣುಪಾಲು. ಕೊಡದಿದ್ದರೆ ಹಾಲಿನಲ್ಲಿರುವವಳು ಹೀಗೇ ಹೋಗುತ್ತಾಳೆ. ಯಾರನ್ನು ನಂಬುವುದು? ಬುದ್ಧನನ್ನು ಕೇಳಿದೆ, ನಮ್ಮ ಮನೆದೇವರನ್ನೂ ಕೇಳಿದೆ, ನಾಚಿಕೆ ಬಿಟ್ಟು ಕೇಳಿದೆ. ಅಡುಗೆಮನೆಗೂ ಅವಳ ಉಸಿರು ಕೇಳಿಸುತ್ತಿತ್ತು.

ಉಸಿರಾಡುತ್ತಿರುವವಳನ್ನು ನಂಬಿದೆ. ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ.

ನರ್ಸು ಬಾಟಲಿಯ ಮೇಲೆ ಗುರುತು ಮಾಡಿಕೊಟ್ಟಷ್ಟು ಹನಿಯನ್ನು ಕೆನ್ನೆಯ ಒಳಬದಿಗೆ ಬಿಟ್ಟೆ. ಸ್ವಲ್ಪ ಗಲ್ಲದ ಮೇಲೆ ಚೆಲ್ಲಿತು, ಒರೆಸಿದೆ. ಅವಳ ಹಿಂದೆ ಹಾಸಿಗೆಯ ಮೇಲೇ ಹತ್ತಿ ಕೂತು ಎದೆಗೆ ಒರಗಿಸಿಕೊಂಡೆ. "ನನಗೂ ಭಯ ಆಗ್ತಿದೆ ಕಣೇ. ಎಲ್ಲಿಗೂ ಹೋಗಲ್ಲ" ಅಂದೆ. ಅವಳಿಗೆ ಕೇಳಿಸಿತೋ ಇಲ್ಲವೋ. ನಿಧಾನಕ್ಕೆ ಉಗುರು ಸಡಿಲವಾಯಿತು. ಭುಜ ಇಳಿಯಿತು. ಕಣ್ಣು ಮುಚ್ಚುವ ಮುಂಚೆ ತಲೆ ಹೊರಳಿಸಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಏನಿತ್ತು ಅಂತ ನಾನು ಎಷ್ಟು ಯೋಚಿಸಿದ್ದೇನೋ. ಸಾಕು, ಒಳ್ಳೆಯದು ಮಾಡಿದಿರಿ ಅಂತಲೋ, ಮಾತು ಕೊಟ್ಟಿದ್ದಿರಲ್ಲ ಅಂತಲೋ. ಬರೀ ಔಷಧದ ಮಂಪರೂ ಇರಬಹುದು. ಅವಳು ಮತ್ತೆ ಏಳಲಿಲ್ಲ. ಮಾರನೆಯ ದಿನ ಬಿಸಿಲು ಹಾಲಿಗೆ ಬರುವ ಹೊತ್ತಿಗೆ ಉಸಿರು ನಿಂತಿತು.

ತುಳಸಿಯ ನೀರು ಬಿಟ್ಟೆ. ಅದನ್ನು ಅವಳು ಬೇಕು ಅಂತಲೂ ಹೇಳಿರಲಿಲ್ಲ, ಬೇಡ ಅಂತಲೂ ಹೇಳಿರಲಿಲ್ಲ. ನರ್ಸು ಬಂದು ಎರಡು ಬಾಟಲಿಯನ್ನೂ ಸಿಂಕಿನ ಹತ್ತಿರ ತೆಗೆದುಕೊಂಡು ಹೋಗಿ ಏನೋ ಬೆರೆಸಿ ಹಾಳು ಮಾಡಿದಳು, ಅದು ಅವರ ನಿಯಮ. ದಹನವಾಯಿತು. ಮಗಳೂ ನಾನೂ ಒಂದೇ ಮನೆಯಲ್ಲಿ ಓಡಾಡಿಕೊಂಡಿದ್ದೆವು, ಅಡುಗೆ ಮಾಡಿದೆವು, ಅವಳ ಬಟ್ಟೆ ಮಡಿಸಿದೆವು. ಆ ಮಧ್ಯಾಹ್ನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ಧ್ಯಾನದ ದಿಂಬು ಅಲ್ಲೇ ಇತ್ತು. ಕೂತು ನೋಡಿದೆ. ಭಯ ಇರಲಿಲ್ಲ, ಹೆದರಲು ಇನ್ನೇನು ಉಳಿದಿತ್ತು. ಅದರ ಜಾಗದಲ್ಲಿ ಬೇರೆ ಒಂದು ಕೂತಿತ್ತು. ಜೀವಮಾನದಲ್ಲಿ ಅವಳು ನನ್ನಿಂದ ಪಡೆದದ್ದು ಒಂದೇ ಮಾತು, ಅದನ್ನೂ ನಾನು ಮುರಿದೆ ಅನ್ನುವುದು. ಮುರಿಯದಿದ್ದರೆ ಹೇಗೆ ಬದುಕುತ್ತಿದ್ದೆ ಅನ್ನುವುದೂ ಅದರ ಪಕ್ಕದಲ್ಲೇ ಇತ್ತು. ಎರಡೂ ಜಗಳವಾಡದೆ ಇದ್ದವು, ನನಗೆ ಮಾತ್ರ ನೆಮ್ಮದಿ ಇರಲಿಲ್ಲ.

ಕೆಲವು ವಾರದ ಮೇಲೆ ವಾಲ್ನಟ್ ಕ್ರೀಕಿನ ಹಾಲಿನಲ್ಲಿ ಅವಳ ನೆನಪಿಗೆ ಸಭೆ ಇಟ್ಟರು. ಅಷ್ಟು ವರ್ಷ ಅವಳು ಹೋಗಿ ಬಂದ ಜಾಗಕ್ಕೆ ನಾನು ಕಾಲಿಟ್ಟಿದ್ದು ಅದೇ ಮೊದಲು. ನಮ್ಮ ಕಡೆಯ ಗೆಳೆಯರೂ ಬಂದಿದ್ದರು, ಟ್ರೇಗಳಲ್ಲಿ ಚಿತ್ರಾನ್ನ ತಂದಿದ್ದರು, ನೆಲದ ಮೇಲಿನ ದಿಂಬುಗಳನ್ನು ನೋಡಿ ಎಲ್ಲಿ ಕೂರುವುದು ಅಂತ ತಿಳಿಯದೆ ಗೋಡೆಗೆ ಒರಗಿ ನಿಂತಿದ್ದರು. ಬುದ್ಧನ ಮುಂದೆ ಅವಳ ಫೋಟೋ ಇತ್ತು, ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ನಗುತ್ತಿದ್ದದ್ದು. ಗಂಟೆ ಬಾರಿಸಿದರು, ಪಾಳಿಯಲ್ಲಿ ಪಠಿಸಿದರು. ಆಮೇಲೆ ಗುರು ಎದ್ದು ನಿಂತು ಮಾತಾಡಿದರು. ಆಕೆ ನಮಗೆಲ್ಲ ಅಭಯ ಅಂದರೆ ಏನು ಅಂತ ತೋರಿಸಿದಳು, ತಿಳಿಯಾದ ಮನಸ್ಸಿನಿಂದ, ಹೆದರದೆ, ಮನೆಯವರ ನಡುವೆ ಹೋದಳು ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ನಾನು ಫೋನಿನಲ್ಲಿ ನಿದ್ದೆಯಲ್ಲೇ ಹೋದಳು ಅಂತಷ್ಟೇ ಹೇಳಿದ್ದೆ. ಕೆಲವರು ಕಣ್ಣೊರೆಸಿಕೊಂಡರು. ಅವರ ಮುಖದಲ್ಲಿ ಒಂದು ಸಮಾಧಾನ ಕಂಡಿತು, ಅವಳಿಗೆ ಆಗಿದ್ದರೆ ನಮಗೂ ಆದೀತು ಅನ್ನುವಂಥದ್ದು. ಪಕ್ಕದಲ್ಲಿದ್ದ ಮಗಳು ನನ್ನ ಮುಖ ನೋಡಲಿಲ್ಲ.

ನನ್ನನ್ನು ಎರಡು ಮಾತಾಡಿ ಅಂದರು. ಎದ್ದು ನಿಂತೆ. ಎಲ್ಲರಿಗೂ ಧನ್ಯವಾದ ಹೇಳಿದೆ, ಊಟ ಮಾಡಿಕೊಂಡೇ ಹೋಗಿ ಅಂದೆ, ಕೂತೆ. ಬಾಯಿಗೆ ಬಂದಿದ್ದ ಉಳಿದದ್ದನ್ನು ನುಂಗಿದೆ. ಅಷ್ಟು ಜನರ ಸಮಾಧಾನವನ್ನು ಕಿತ್ತುಕೊಳ್ಳಲು ನಾನು ಯಾರು?

ಎದ್ದು ಪಾರ್ಕಿಂಗ್ ಲಾಟಿಗೆ ಬಂದೆ. ಹಿಂದೆಯೇ ಒಬ್ಬರು ಮುದುಕರು ಬಂದರು. ಒಳಗೆ ಅವರನ್ನು ನೋಡಿದ್ದೆ. ನೆಲದ ಮೇಲೆ ಕೂರಲಾಗದೆ ಕುರ್ಚಿಯಲ್ಲಿ ಕೂತಿದ್ದರು, ಮೂಗಿಗೆ ಆಕ್ಸಿಜನ್ನಿನ ಕೊಳವೆ, ಹೆಗಲಲ್ಲಿ ಚೀಲದಂಥ ಸಣ್ಣ ಮೆಷೀನು. ಬಹಳ ವರ್ಷ ಇವರ ಪಕ್ಕದಲ್ಲೇ ನನ್ನ ಹೆಂಡತಿ ಕೂರುತ್ತಿದ್ದಳಂತೆ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದರಂತೆ, ಅವರ ಅಜ್ಜ ಚೀನಾದಿಂದ ಬಂದವರಂತೆ. ಇಷ್ಟು ಹೇಳಲು ಅವರು ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಅವರ ಶ್ವಾಸಕೋಶ ಗಟ್ಟಿಯಾಗುತ್ತ ಬರುತ್ತಿತ್ತು. ಡಾಕ್ಟರು ಇನ್ನು ಹೆಚ್ಚು ದಿನ ಇಲ್ಲ ಅಂದಿದ್ದರು.

"ನಿಮ್ಮನ್ನು ಒಂದು ಮಾತು ಕೇಳಲೇ?" ಅಂದರು. "ಅವಳಿಗೆ ಕೊನೆಗೂ ಭಯ ಆಗಲೇ ಇಲ್ಲವೇ?"

ಅವರು ಒಳಗಿನವರ ಹಾಗೆ ಸಮಾಧಾನಕ್ಕೆ ಕೇಳುತ್ತಿರಲಿಲ್ಲ. ಅವರಿಗೆ ನಿಜ ಗೊತ್ತಾಗಬೇಕಿತ್ತು. ಹೌದು, ಆಗಲಿಲ್ಲ ಅಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು, ನಾನು ಊಟಕ್ಕೆ ಹೋಗುತ್ತಿದ್ದೆ. ಕೊಳವೆ ನೋಡಿದೆ, ಅವರ ಕತ್ತಿನಲ್ಲಿ ಉಬ್ಬಿದ್ದ ನರ ನೋಡಿದೆ. ಹೇಳಿಬಿಟ್ಟೆ. ಮಾತು ಕೊಟ್ಟಿದ್ದು, ಅವಳು ಎದ್ದು ಕೂತಿದ್ದು, ನಾನು ಅವಳ ಪಾಠ ಅವಳಿಗೇ ಹೇಳಿದ್ದು, ಎಲ್ಲಾ ಕಡೆ ಅಂತ ಅವಳು ಅಂದದ್ದು. ಭಯದ ಔಷಧ ಕೇಳಿದಳು, ಕೊಟ್ಟೆ ಅಂದೆ. ನನ್ನ ಮಗಳನ್ನು ಬಿಟ್ಟರೆ ಜಗತ್ತಿನಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಗೊತ್ತಾಯಿತು. ಹೇಳುವಾಗ ಅಳು ಬಂತು, ತಡೆಯಲಿಲ್ಲ.

ಅವರು ಪಕ್ಕದ ಕಾರಿಗೆ ಕೈ ಊರಿ ನಿಂತರು. ಮೆಷೀನು ಪುಸ್ ಪುಸ್ ಅನ್ನುತ್ತಿತ್ತು. ನಾನು ಅವರ ಕೊನೆಯ ಆಸರೆಯನ್ನು ಒದ್ದು ಬೀಳಿಸಿದೆ ಅಂತ ಗಾಬರಿಯಾಯಿತು.

"ನನ್ನ ಹೆಂಡತಿ ಕಾರಿನಲ್ಲಿದ್ದಾಳೆ" ಅಂದರು. "ಇದನ್ನು ಅವಳಿಗೂ ಹೇಳುತ್ತೀರಾ? ನಾನೂ ಅವಳಿಂದ ಅದೇ ಮಾತು ತೆಗೆದುಕೊಂಡಿದ್ದೇನೆ. ಆಮೇಲೆ ಅವಳು ಸರಿಯಾಗಿ ನಿದ್ದೆ ಮಾಡಿಲ್ಲ."

ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದೆ. ಕಾರು ದೂರದಲ್ಲಿ ನೆರಳಲ್ಲಿ ನಿಂತಿತ್ತು. ಸ್ಟಿಯರಿಂಗ್ ಹಿಂದೆ ಸಣ್ಣ ಆಕಾರದ ಮುದುಕಿ ಎರಡೂ ಕೈಯಲ್ಲಿ ಚಕ್ರ ಹಿಡಿದು ಕೂತಿದ್ದರು. ಕಾರು ನಿಂತೇ ಇತ್ತು, ಆದರೂ ಹಿಡಿದಿದ್ದರು. ಗಾಜು ಇಳಿಸಿದರು. ನಾನು ಬಗ್ಗಿ, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ, ಈ ಸಲ ಚಿಕ್ಕದಾಗಿ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಮಾತು ಕೊಟ್ಟ ಮೇಲೂ ಕೊಟ್ಟಿರಾ?" ಅಂತ ಕೇಳಿದರು.

"ಕೊಟ್ಟೆ."

"ನಿಮ್ಮ ಹೆಂಡತಿ ಸಿಟ್ಟಾದರಾ?"

"ಗೊತ್ತಿಲ್ಲ. ನಿದ್ದೆ ಹೋದಳು. ಗೊತ್ತಾಗಲು ಇನ್ನು ದಾರಿಯೇ ಇಲ್ಲ."

ಆಕೆ ಗಂಡನ ಕಡೆ ತಿರುಗಿದರು. ಮುದುಕರು ಕಾರಿನ ಇನ್ನೊಂದು ಬದಿಯಲ್ಲಿ, ಬಾಗಿಲಿಗೆ ಒರಗಿ, ಉಸಿರು ಸರಿಮಾಡಿಕೊಳ್ಳುತ್ತ ನಿಂತಿದ್ದರು. ಕಿಟಕಿಗೆ ಬಗ್ಗಿ ಹೇಳಿದರು, "ನಾನು ಕೇಳಿದರೆ ಕೊಡು."

ಆಕೆ ಚಕ್ರದಿಂದ ಒಂದು ಕೈ ಬಿಟ್ಟರು, ಆಮೇಲೆ ಇನ್ನೊಂದು. ನಂತರ ಚೀನೀ ಭಾಷೆಯಲ್ಲಿ ಗಂಡನನ್ನು ಬೈಯಲು ಶುರು ಮಾಡಿದರು. ಒಂದು ಮಾತೂ ನನಗೆ ತಿಳಿಯಲಿಲ್ಲ. ಬೈಯುತ್ತಲೇ ಅತ್ತರು, ಅಳುತ್ತಲೇ ಅವರಿಗೆ ಬಾಗಿಲು ತೆಗೆದು, ಕೊಳವೆ ಸಿಕ್ಕಿಕೊಳ್ಳದ ಹಾಗೆ ಹಿಡಿದು ಕೂರಿಸಿಕೊಂಡರು.